ಗ್ರೈಂಡಿಂಗ್ ವೇಳೆ ಲೋಹದ ಮೇಲ್ಮೈಯ ಉಷ್ಣ ಮತ್ತು ತಾಪಮಾನ

ವೇಗವಾಗಿ ತಿರುಗುವ ಸಾಣೆಚಕ್ರದ ಗಟ್ಟಿ ಕಣಗಳಿಂದ ಲೋಹದ ಮೇಲ್ಮೈಯನ್ನು ಅತಿ ತೆಳುವಾಗಿ ಕೆರೆದು, ಅದಕ್ಕೆ ನಿಖರವಾದ ಅಳತೆಯನ್ನೂ ನಯವನ್ನೂ ಕೊಡುವ ಕ್ರಿಯೆಗೆ ಗ್ರೈಂಡಿಂಗ್ ಎಂದು ಹೆಸರು. ಬೇರಿಂಗ್‌ನ ಬಳೆಗಳು, ಗೇರ್‌ನ ಹಲ್ಲುಗಳು, ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್, ವಿಮಾನದ ಇಳಿಗಾಲಿಯ ಕಂಬಗಳು ಮುಂತಾದ ಗಡಸು ಉಕ್ಕಿನ ಭಾಗಗಳು ಸಾಮಾನ್ಯವಾಗಿ ಗ್ರೈಂಡಿಂಗ್‌ನಿಂದಲೇ ಅಂತಿಮ ರೂಪ ಪಡೆಯುತ್ತವೆ. ಈ ಕ್ರಿಯೆಯಲ್ಲಿ ವ್ಯಯವಾಗುವ ಯಾಂತ್ರಿಕ ಶಕ್ತಿಯ ಬಹುಪಾಲು ಉಷ್ಣವಾಗಿ ಮಾರ್ಪಡುತ್ತದೆ. ಆ ಉಷ್ಣವು ಅತಿ ಕಿರಿದಾದ ಜಾಗದಲ್ಲಿ, ಅತಿ ಕಡಿಮೆ ಸಮಯದಲ್ಲಿ ಹುಟ್ಟುವುದರಿಂದ ಲೋಹದ ಮೇಲ್ಪದರದ ತಾಪಮಾನವು ಕ್ಷಣಕಾಲ ನೂರಾರು ಡಿಗ್ರಿ ಸೆಲ್ಸಿಯಸ್‌ಗೆ (°ಸೆ.), ಕೆಲವೊಮ್ಮೆ ಸಾವಿರ ಡಿಗ್ರಿಗೂ ಏರಬಲ್ಲದು. ಹೀಗೆ ಕಾದ ಪದರವು ತನ್ನ ಗಡಸುತನವನ್ನು ಕಳೆದುಕೊಳ್ಳಬಹುದು ಅಥವಾ ಕಣ್ಣಿಗೆ ಕಾಣದ ಬಿರುಕುಗಳನ್ನು ಒಳಗೊಳ್ಳಬಹುದು. ಹೊರಗೆ ಕನ್ನಡಿಯಂತೆ ಹೊಳೆಯುವ ಭಾಗವು ಒಳಗೆ ದುರ್ಬಲವಾಗಿರುವ ಸಾಧ್ಯತೆ ಇರುವುದರಿಂದ, ಗ್ರೈಂಡಿಂಗ್‌ನ ಉಷ್ಣವನ್ನು ಅರಿತು ಹತೋಟಿಯಲ್ಲಿಡುವುದು ಯಂತ್ರನಿರ್ಮಾಣದ ಒಂದು ಮುಖ್ಯ ಸಮಸ್ಯೆಯಾಗಿದೆ.

ಸಾಣೆಗೆ ಒಡ್ಡಿದ ಲೋಹದ ತುಂಡನ್ನು ಯಂತ್ರಶಾಲೆಗಳಲ್ಲಿ ‘ಜಾಬ್’ ಎಂದು ಕರೆಯುತ್ತಾರೆ. ಈ ಲೇಖನದಲ್ಲಿಯೂ ಅದೇ ಪದವನ್ನು ಬಳಸಲಾಗಿದೆ.

ಉಷ್ಣ ಮತ್ತು ತಾಪಮಾನ

ದಿನಬಳಕೆಯ ಮಾತಿನಲ್ಲಿ ಉಷ್ಣ ಮತ್ತು ತಾಪಮಾನ ಎಂಬ ಪದಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುವುದುಂಟು. ಭೌತವಿಜ್ಞಾನದಲ್ಲಿ ಇವೆರಡೂ ಬೇರೆ ಬೇರೆ. ಉಷ್ಣವು ಶಕ್ತಿಯ ಒಂದು ರೂಪ. ಅದನ್ನು ಜೂಲ್‌ಗಳಲ್ಲಿ ಅಳೆಯುತ್ತಾರೆ. ತಾಪಮಾನವು ವಸ್ತುವು ಎಷ್ಟು ಬಿಸಿಯಾಗಿದೆ ಎಂಬುದರ ಮಟ್ಟ. ಅದನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ. ಬೆಂಕಿಕಡ್ಡಿಯ ಜ್ವಾಲೆಯ ತಾಪಮಾನ ಹಂಡೆಯಲ್ಲಿ ಕಾದ ನೀರಿನ ತಾಪಮಾನಕ್ಕಿಂತ ಎಷ್ಟೋ ಹೆಚ್ಚು. ಆದರೆ ಹಂಡೆಯ ನೀರಿನಲ್ಲಿ ಅಡಗಿರುವ ಉಷ್ಣದ ಮೊತ್ತ ಕಡ್ಡಿಯ ಜ್ವಾಲೆ ಕೊಡುವುದಕ್ಕಿಂತ ಬಹುಪಾಲು ಅಧಿಕ.

ಗ್ರೈಂಡಿಂಗ್‌ನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಹುಟ್ಟುವ ಉಷ್ಣದ ಮೊತ್ತ ಅಲ್ಪವಾಗಿರಬಹುದು, ಜಾಬ್ ಕೈಗೆ ಬೆಚ್ಚಗೆ ಮಾತ್ರ ಹತ್ತಬಹುದು. ಆದರೂ ಅದರ ಮೇಲ್ಪದರವು ಕ್ಷಣದ ಹಿಂದೆ ಐನೂರು ಡಿಗ್ರಿಯನ್ನು ಮುಟ್ಟಿ ಬಂದಿರಬಹುದು. ಆದಕಾರಣ ಜಾಬನ್ನು ಕೈಯಿಂದ ಮುಟ್ಟಿನೋಡಿ ಹಾನಿಯಾಗಿಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ.

ಉಷ್ಣ ಹುಟ್ಟುವ ಬಗೆ

ಸಾಣೆಚಕ್ರವು ಅಸಂಖ್ಯಾತ ಗಟ್ಟಿ ಕಣಗಳನ್ನು ಅಂಟುಪದಾರ್ಥದಿಂದ ಬಂಧಿಸಿ ಮಾಡಿದ ಸಾಧನ. ಪ್ರತಿಯೊಂದು ಕಣವೂ ಒಂದು ಪುಟ್ಟ ಉಳಿಯಂತೆ ವರ್ತಿಸುತ್ತದೆ. ಆದರೆ ಲೇತ್ ಯಂತ್ರದ ಉಳಿಯ ಮೊನೆಯನ್ನು ಲೆಕ್ಕ ಹಾಕಿ ಹರಿತಗೊಳಿಸಿರುತ್ತಾರೆ. ಸಾಣೆಚಕ್ರದ ಕಣಗಳಿಗೆ ಅಂತಹ ನಿಶ್ಚಿತ ಆಕಾರವಿಲ್ಲ. ಹೆಚ್ಚಿನ ಕಣಗಳ ಮುಖವು ಲೋಹವನ್ನು ಕತ್ತರಿಸಲು ಅನುಕೂಲವಾದ ಕೋನದಲ್ಲಿ ಇರುವುದಿಲ್ಲ. ಕಣವೊಂದು ಲೋಹದ ಮೇಲೆ ಹಾದುಹೋಗುವಾಗ ಮೂರು ಬಗೆಯ ಕೆಲಸಗಳು ನಡೆಯುತ್ತವೆ.

• ಉಜ್ಜುವಿಕೆ: ಕಣದ ಸವೆದ ಭಾಗವು ಲೋಹವನ್ನು ಕತ್ತರಿಸದೆ ಬರಿದೇ ಉಜ್ಜುತ್ತದೆ. ಇಲ್ಲಿ ವ್ಯಯವಾದ ಶಕ್ತಿಯೆಲ್ಲ ಘರ್ಷಣೆಯ ಉಷ್ಣವಾಗುತ್ತದೆ.
• ಉಳುವಿಕೆ: ನೇಗಿಲಿನ ಕುಳವು ಮಣ್ಣನ್ನು ಎರಡು ಬದಿಗೆ ಸರಿಸುವಂತೆ ಕಣವು ಲೋಹವನ್ನು ಪಕ್ಕಕ್ಕೆ ಒತ್ತರಿಸುತ್ತದೆ. ಲೋಹವು ರೂಪ ಬದಲಿಸಿದರೂ ಬೇರ್ಪಡುವುದಿಲ್ಲ.
• ಕತ್ತರಿಸುವಿಕೆ: ಕಣವು ಸಾಕಷ್ಟು ಆಳಕ್ಕೆ ಇಳಿದಾಗ ಲೋಹದ ಸಣ್ಣ ಚೂರು ಎದ್ದು ಹೊರಬೀಳುತ್ತದೆ. ಗ್ರೈಂಡಿಂಗ್‌ನ ಉದ್ದೇಶ ಇದೊಂದೇ.

ಮೊದಲೆರಡು ಕೆಲಸಗಳಿಂದ ಲೋಹ ಕಡಿಮೆಯಾಗುವುದಿಲ್ಲ, ಉಷ್ಣ ಮಾತ್ರ ಹೆಚ್ಚುತ್ತದೆ. ಹೀಗಾಗಿ ಒಂದು ಘನ ಮಿಲಿಮೀಟರ್ ಲೋಹವನ್ನು ತೆಗೆಯಲು ಬೇಕಾಗುವ ಶಕ್ತಿಯು ಗ್ರೈಂಡಿಂಗ್‌ನಲ್ಲಿ ಇತರ ಯಂತ್ರಕ್ರಿಯೆಗಳಿಗಿಂತ ಬಹಳ ಹೆಚ್ಚು. ಇದನ್ನು ‘ವಿಶಿಷ್ಟ ಶಕ್ತಿ’ ಎನ್ನುತ್ತಾರೆ. ಲೇತ್ ಯಂತ್ರದಲ್ಲಿ ಉಕ್ಕನ್ನು ಕಡೆಯುವಾಗ ಇದು ಸಾಮಾನ್ಯವಾಗಿ ಘನ ಮಿಲಿಮೀಟರಿಗೆ 2ರಿಂದ 5 ಜೂಲ್‌ಗಳಷ್ಟಿದ್ದರೆ, ಗ್ರೈಂಡಿಂಗ್‌ನಲ್ಲಿ 20ರಿಂದ 60 ಜೂಲ್‌ಗಳಷ್ಟಿರುತ್ತದೆ. ಅತಿ ತೆಳುವಾದ ಕಡಿತದಲ್ಲಿ, ಇಲ್ಲವೇ ಚಕ್ರವು ಮೊಂಡಾಗಿದ್ದಾಗ, ಅದು ಇನ್ನೂ ಹೆಚ್ಚುತ್ತದೆ. ಒಂದು ಘನ ಮಿಲಿಮೀಟರ್ ಕಬ್ಬಿಣವನ್ನು ಕೋಣೆಯ ತಾಪಮಾನದಿಂದ ಕಾಯಿಸಿ ಕರಗಿಸಲು ಸುಮಾರು 10 ಜೂಲ್ ಸಾಕು. ಅಂದರೆ ತೆಗೆದ ಲೋಹವನ್ನು ಹಲವು ಬಾರಿ ಕರಗಿಸಬಹುದಾದಷ್ಟು ಶಕ್ತಿ ಇಲ್ಲಿ ವ್ಯಯವಾಗುತ್ತದೆ. ಆ ಶಕ್ತಿಯನ್ನೆಲ್ಲ ಚೂರುಗಳೇ ಹೊತ್ತೊಯ್ಯಲಾರವು. ಉಳಿದ ಉಷ್ಣ ಬೇರೆಡೆಗೆ ಹೋಗಲೇಬೇಕು.

ಉಷ್ಣದ ಹಂಚಿಕೆ

ಚಕ್ರವೂ ಜಾಬೂ ಕೂಡುವ ಸಂಪರ್ಕ ವಲಯದಲ್ಲಿ ಹುಟ್ಟಿದ ಉಷ್ಣವು ನಾಲ್ಕು ದಾರಿಗಳಲ್ಲಿ ಹಂಚಿಹೋಗುತ್ತದೆ: ಜಾಬ್, ಸಾಣೆಚಕ್ರ, ಲೋಹದ ಚೂರುಗಳು ಹಾಗೂ ತಂಪುಕಾರಕ ದ್ರವ ಅಥವಾ ಕೂಲೆಂಟ್.

ಲೇತ್ ಯಂತ್ರದಲ್ಲಿ ದಪ್ಪ ಸುರುಳಿಯಾಗಿ ಹೊರಬರುವ ಚೂರು ಹೆಚ್ಚಿನ ಉಷ್ಣವನ್ನು ತನ್ನೊಡನೆ ಒಯ್ಯುತ್ತದೆ. ಗ್ರೈಂಡಿಂಗ್‌ನಲ್ಲಿ ಚೂರುಗಳು ಅತಿ ಸಣ್ಣವು. ಅಲ್ಯೂಮಿನಿಯಂ ಆಕ್ಸೈಡ್ ಕಣಗಳ ಸಾಮಾನ್ಯ ಚಕ್ರದಿಂದ ತೆಳುವಾಗಿ ಕೆರೆಯುವಾಗ ಒಟ್ಟು ಉಷ್ಣದ ಶೇಕಡಾ 60ರಿಂದ 85ರಷ್ಟು ಭಾಗ ಜಾಬಿನೊಳಕ್ಕೇ ಇಳಿಯುತ್ತದೆ. ಕ್ಯೂಬಿಕ್ ಬೋರಾನ್ ನೈಟ್ರೈಡ್ ಕಣಗಳ ಚಕ್ರವನ್ನು ಬಳಸಿದರೆ ಈ ಪಾಲು ಸುಮಾರು ಶೇಕಡಾ 20ಕ್ಕೆ ಇಳಿಯಬಹುದು. ಆ ಕಣಗಳು ಉಷ್ಣವನ್ನು ಅಲ್ಯೂಮಿನಿಯಂ ಆಕ್ಸೈಡಿಗಿಂತ ಹಲವು ಪಟ್ಟು ಚೆನ್ನಾಗಿ ವಹಿಸಿ ಚಕ್ರದ ಕಡೆಗೆ ಎಳೆದುಕೊಳ್ಳುವುದೇ ಇದಕ್ಕೆ ಕಾರಣ.

ಗ್ರೈಂಡಿಂಗ್‌ನಲ್ಲಿ ಹಾರುವ ಕಿಡಿಗಳನ್ನು ನೋಡಿ ಉಷ್ಣವೆಲ್ಲ ಅವುಗಳಲ್ಲೇ ಇದೆ ಎಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಬಿಸಿಯಾದ ಉಕ್ಕಿನ ಚೂರು ಗಾಳಿಗೆ ಬಂದ ಮೇಲೆ ಆಮ್ಲಜನಕದೊಂದಿಗೆ ಸಂಯೋಗಗೊಂಡು ಉರಿಯುವುದರಿಂದಲೇ ಕಿಡಿ ಅಷ್ಟು ಪ್ರಖರವಾಗಿ ಬೆಳಗುತ್ತದೆ. ಆ ಬೆಳಕಿನ ಬಹುಪಾಲು ಸಂಪರ್ಕ ವಲಯವನ್ನು ಬಿಟ್ಟ ನಂತರ ಹುಟ್ಟಿದ್ದು. ಸಾಣೆಯ ಹುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಲವು ಚೂರುಗಳು ಕರಗಿ ಗುಂಡಗಾಗಿರುವುದು ಕಾಣುತ್ತದೆ.

ತಾಪಮಾನದ ಮೂರು ಮಟ್ಟಗಳು

ಗ್ರೈಂಡಿಂಗ್‌ನ ತಾಪಮಾನ ಎಂದರೆ ಒಂದೇ ಸಂಖ್ಯೆಯಲ್ಲ. ಅದನ್ನು ಮೂರು ಮಟ್ಟಗಳಲ್ಲಿ ವಿಂಗಡಿಸುತ್ತಾರೆ.

ಮೊದಲನೆಯದು ಕಣದ ತುದಿಯ ತಾಪಮಾನ. ಒಂದೊಂದು ಕಣವೂ ಲೋಹವನ್ನು ತಾಗುವ ಬಿಂದುವಿನಲ್ಲಿ ತಾಪಮಾನವು ಲೋಹದ ಕರಗುಬಿಂದುವಿನ ಸಮೀಪಕ್ಕೆ ಏರಬಹುದು. ಇದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು ಕಾಲ ಉಳಿಯುತ್ತದೆ.

ಎರಡನೆಯದು ಸಂಪರ್ಕ ವಲಯದ ತಾಪಮಾನ. ಅನೇಕ ಕಣಗಳು ಒಂದರ ಹಿಂದೊಂದು ಹಾದುಹೋದ ಒಟ್ಟು ಪರಿಣಾಮವಾಗಿ ಮೇಲ್ಮೈಯು ಪಡೆಯುವ ತಾಪಮಾನವಿದು. ಇದರ ಅವಧಿ ಕೆಲವು ಮಿಲಿಸೆಕೆಂಡುಗಳು. ಉಕ್ಕಿನ ಒಳರಚನೆ ಬದಲಾಗುವುದೂ ಮೇಲ್ಮೈ ಸುಡುವುದೂ ಮುಖ್ಯವಾಗಿ ಈ ತಾಪಮಾನದಿಂದಲೇ.

ಮೂರನೆಯದು ಇಡೀ ಜಾಬಿನ ತಾಪಮಾನ. ಇದು ನಿಧಾನವಾಗಿ, ಕೆಲವೇ ಡಿಗ್ರಿಗಳಷ್ಟು ಏರುತ್ತದೆ. ಇದರಿಂದ ಲೋಹದ ಗುಣ ಕೆಡದಿದ್ದರೂ ಅಳತೆಯಲ್ಲಿ ದೋಷ ಉಂಟಾಗುತ್ತದೆ.

ಒಂದು ಲೆಕ್ಕ

ಸರ್ಫೇಸ್ ಗ್ರೈಂಡರ್ ಯಂತ್ರದಲ್ಲಿ 100 ಮಿ.ಮೀ. ಉದ್ದ, 20 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯನ್ನು ಇಟ್ಟಿದೆ ಎಂದು ಭಾವಿಸೋಣ. ಚಕ್ರದ ವ್ಯಾಸ 200 ಮಿ.ಮೀ., ಅಂಚಿನ ವೇಗ ಸೆಕೆಂಡಿಗೆ 30 ಮೀಟರ್. ಚಕ್ರವು ಪಟ್ಟಿಯ ಪೂರ್ಣ ಅಗಲವನ್ನೂ ತಾಗುತ್ತದೆ. ಒಂದು ಸಲಕ್ಕೆ 0.02 ಮಿ.ಮೀ. ಆಳ ಕೆರೆಯಬೇಕು. ಮೇಜಿನ ವೇಗ ನಿಮಿಷಕ್ಕೆ 12 ಮೀಟರ್, ಅಂದರೆ ಸೆಕೆಂಡಿಗೆ 200 ಮಿ.ಮೀ. ವಿಶಿಷ್ಟ ಶಕ್ತಿ ಘನ ಮಿಲಿಮೀಟರಿಗೆ 40 ಜೂಲ್ ಹಾಗೂ ಜಾಬಿಗೆ ಇಳಿಯುವ ಪಾಲು ಶೇಕಡಾ 70 ಎಂದು ಇಟ್ಟುಕೊಳ್ಳೋಣ.

• ಸಂಪರ್ಕದ ಉದ್ದವು ಕಡಿತದ ಆಳ ಮತ್ತು ಚಕ್ರದ ವ್ಯಾಸಗಳ ಗುಣಲಬ್ಧದ ವರ್ಗಮೂಲ: 0.02 × 200 = 4; ಇದರ ವರ್ಗಮೂಲ 2 ಮಿ.ಮೀ.
• ಮೇಲ್ಮೈಯ ಒಂದು ಬಿಂದು ಚಕ್ರದ ಕೆಳಗೆ ಇರುವ ಕಾಲ: 2 ÷ 200 = 0.01 ಸೆಕೆಂಡ್.
• ಪ್ರತಿ ಮಿ.ಮೀ. ಅಗಲಕ್ಕೆ ಒಂದು ಸೆಕೆಂಡಿನಲ್ಲಿ ತೆಗೆದ ಲೋಹ: 0.02 × 200 = 4 ಘನ ಮಿ.ಮೀ. ಇದಕ್ಕೆ ಬೇಕಾದ ಸಾಮರ್ಥ್ಯ: 4 × 40 = 160 ವಾಟ್.
• ಇದು 2 ಮಿ.ಮೀ. ಉದ್ದದಲ್ಲಿ ಹರಡಿದಾಗ ಚದರ ಮಿಲಿಮೀಟರಿಗೆ 80 ವಾಟ್. ಅದರಲ್ಲಿ ಜಾಬಿನ ಪಾಲು 56 ವಾಟ್, ಅಂದರೆ ಚದರ ಮೀಟರಿಗೆ 5.6 ಕೋಟಿ ವಾಟ್.

ಸಂಪರ್ಕ ವಲಯದ ತಾಪಮಾನದ ಏರಿಕೆಯನ್ನು ಅಂದಾಜು ಮಾಡಲು ಒಂದು ಸರಳ ಸೂತ್ರವಿದೆ:

ತಾಪಮಾನದ ಏರಿಕೆ = 1.13 × ಪ್ರತಿ ಚದರ ಮೀಟರಿಗೆ ಇಳಿಯುವ ಉಷ್ಣಪ್ರವಾಹ × ಸಂಪರ್ಕಕಾಲದ ವರ್ಗಮೂಲ ÷ ಲೋಹದ ಉಷ್ಣಗುಣಾಂಕ

ಇಲ್ಲಿ ಉಷ್ಣಗುಣಾಂಕವೆಂದರೆ ಲೋಹದ ಉಷ್ಣವಾಹಕತೆ, ಸಾಂದ್ರತೆ ಮತ್ತು ವಿಶಿಷ್ಟೋಷ್ಣಗಳ ಗುಣಲಬ್ಧದ ವರ್ಗಮೂಲ. ಸಾಧಾರಣ ಉಕ್ಕಿಗೆ ಇದರ ಬೆಲೆ ಅಂತಾರಾಷ್ಟ್ರೀಯ ಮಾನಗಳಲ್ಲಿ ಸುಮಾರು 13,000. ಮೇಲಿನ ಸಂಖ್ಯೆಗಳನ್ನು ಹಾಕಿದರೆ ಏರಿಕೆಯು ಸುಮಾರು 490 ಡಿಗ್ರಿ ಎಂದು ಬರುತ್ತದೆ. ಕೋಣೆಯ ತಾಪಮಾನ 30 °ಸೆ. ಇದ್ದರೆ ಮೇಲ್ಮೈಯ ತಾಪಮಾನ ಸುಮಾರು 520 °ಸೆ. ಆಗುತ್ತದೆ.

ಇನ್ನು ಉಷ್ಣದ ಮೊತ್ತವನ್ನು ನೋಡೋಣ. ಪಟ್ಟಿಯ ಮೇಲೆ ಚಕ್ರವು ಒಮ್ಮೆ ಹಾದುಹೋದಾಗ ತೆಗೆದ ಲೋಹ 40 ಘನ ಮಿ.ಮೀ. ವ್ಯಯವಾದ ಶಕ್ತಿ 1,600 ಜೂಲ್. ಒಂದು ಲೋಟ ನೀರನ್ನು, ಅಂದರೆ 200 ಮಿಲಿಲೀಟರ್ ನೀರನ್ನು, ಈ ಶಕ್ತಿ ಕಾಯಿಸುವುದು ಸುಮಾರು 2 ಡಿಗ್ರಿಗಳಷ್ಟು ಮಾತ್ರ. ಪಟ್ಟಿಗೆ ಇಳಿದ ಉಷ್ಣವು ಅದರ ತುಂಬ ಸಮವಾಗಿ ಹರಡಿದಾಗ ಇಡೀ ಪಟ್ಟಿಯ ತಾಪಮಾನ ಸುಮಾರು 15 ಡಿಗ್ರಿ ಏರುತ್ತದೆ. ಒಂದು ಲೋಟ ನೀರನ್ನು ಬೆಚ್ಚಗೆ ಮಾಡಲೂ ಸಾಲದ ಉಷ್ಣವು ಗಡಸು ಉಕ್ಕಿನ ಮೇಲ್ಪದರವನ್ನು ಕೆಡಿಸಲು ಸಾಕಾಗುತ್ತದೆ ಎಂಬುದು ಈ ಲೆಕ್ಕದ ಸಾರ.

ಉಷ್ಣವು ಆ 0.01 ಸೆಕೆಂಡಿನಲ್ಲಿ ಹೆಚ್ಚು ಆಳಕ್ಕೆ ಇಳಿಯುವುದೂ ಇಲ್ಲ. ಬಿಂದುವು ಚಕ್ರದ ಕೆಳಗಿಂದ ಹೊರಬರುವ ಕ್ಷಣದಲ್ಲಿ 0.35 ಮಿ.ಮೀ. ಆಳದಲ್ಲಿ ತಾಪಮಾನದ ಏರಿಕೆಯು ಮೇಲ್ಮೈಯಲ್ಲಿರುವುದರ ಸುಮಾರು ಮೂರನೆಯ ಒಂದು ಭಾಗ. ಒಂದು ಮಿ.ಮೀ. ಆಳದಲ್ಲಿ ಅದು ಹತ್ತು ಡಿಗ್ರಿಯಷ್ಟು ಮಾತ್ರ. ಹೀಗಾಗಿ ಗ್ರೈಂಡಿಂಗ್‌ನ ಹಾನಿಯು ಸಾಮಾನ್ಯವಾಗಿ ಮಿಲಿಮೀಟರಿನ ಕೆಲವು ಹತ್ತನೆಯ ಭಾಗಗಳೊಳಗೆ ಸೀಮಿತವಾಗಿರುತ್ತದೆ.

ಚಕ್ರವು ಮೊಂಡಾಗಿ ವಿಶಿಷ್ಟ ಶಕ್ತಿಯು 40ರಿಂದ 80 ಜೂಲ್‌ಗೆ ಏರಿತೆಂದು ಭಾವಿಸಿದರೆ, ಉಳಿದೆಲ್ಲ ಅಂಶಗಳು ಹಾಗೆಯೇ ಇದ್ದರೂ ಮೇಲ್ಮೈಯ ತಾಪಮಾನ ಸುಮಾರು 1,000 °ಸೆ. ಮುಟ್ಟುತ್ತದೆ. ಅಷ್ಟು ಬಿಸಿಯಲ್ಲಿ ಲೋಹದ ಗುಣಾಂಕಗಳೂ ಬದಲಾಗುವುದರಿಂದ ಇದನ್ನು ಅಂದಾಜು ಎಂದೇ ತಿಳಿಯಬೇಕು.

ಲೋಹದ ಗುಣಗಳ ಪಾತ್ರ

ಒಂದೇ ಪ್ರಮಾಣದ ಉಷ್ಣವು ಬೇರೆ ಬೇರೆ ಲೋಹಗಳಲ್ಲಿ ಬೇರೆ ಬೇರೆ ತಾಪಮಾನವನ್ನು ಉಂಟುಮಾಡುತ್ತದೆ. ಉಷ್ಣವನ್ನು ಬೇಗ ಒಳಕ್ಕೆ ಸಾಗಿಸುವ ಲೋಹದ ಮೇಲ್ಮೈ ಕಡಿಮೆ ಕಾಯುತ್ತದೆ. ಸಾಗಿಸಲಾರದ ಲೋಹದಲ್ಲಿ ಉಷ್ಣವು ಮೇಲೆಯೇ ನಿಂತು ತಾಪಮಾನ ಏರುತ್ತದೆ. ಕೆಲವು ಲೋಹಗಳ ಉಷ್ಣವಾಹಕತೆಯು (ಮೀಟರಿಗೆ, ಡಿಗ್ರಿಗೆ, ವಾಟ್‌ಗಳಲ್ಲಿ) ಸುಮಾರಾಗಿ ಹೀಗಿದೆ:

• ತಾಮ್ರ: 400
• ಅಲ್ಯೂಮಿನಿಯಂ: 235
• ಸಾಧಾರಣ ಇಂಗಾಲದ ಉಕ್ಕು: 50
• ಸ್ಟೇನ್‌ಲೆಸ್ ಸ್ಟೀಲ್ (18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವುದು): 16
• ಇನ್‌ಕೊನೆಲ್ 718 ಎಂಬ ನಿಕ್ಕಲ್ ಮಿಶ್ರಲೋಹ: 11
• ವಿಮಾನಗಳಲ್ಲಿ ಬಳಸುವ ಟೈಟಾನಿಯಂ ಮಿಶ್ರಲೋಹ (6 ಭಾಗ ಅಲ್ಯೂಮಿನಿಯಂ, 4 ಭಾಗ ವೆನೇಡಿಯಂ ಇರುವುದು): 7

ಜೆಟ್ ಎಂಜಿನ್ನಿನ ಭಾಗಗಳಿಗೆ ಒದಗುವ ನಿಕ್ಕಲ್ ಮತ್ತು ಟೈಟಾನಿಯಂ ಮಿಶ್ರಲೋಹಗಳನ್ನು ಸಾಣೆ ಹಿಡಿಯುವುದು ಕಷ್ಟವೆನಿಸಲು ಇದು ಒಂದು ಮುಖ್ಯ ಕಾರಣ.

ಮೇಲ್ಮೈಗೆ ಆಗುವ ಹಾನಿ

ಬಣ್ಣಗಟ್ಟುವಿಕೆ

ಬಿಸಿಯಾದ ಉಕ್ಕಿನ ಮೇಲೆ ಗಾಳಿಯ ಸಂಪರ್ಕದಿಂದ ತೆಳುವಾದ ಆಕ್ಸೈಡ್ ಪೊರೆ ಬೆಳೆಯುತ್ತದೆ. ಪೊರೆಯ ದಪ್ಪಕ್ಕೆ ಅನುಗುಣವಾಗಿ ಬಣ್ಣಗಳು ಕಾಣುತ್ತವೆ. ಕುಲುಮೆಯಲ್ಲಿ ನಿಧಾನವಾಗಿ ಕಾಯಿಸಿದ ಸಾಧಾರಣ ಉಕ್ಕಿನಲ್ಲಿ ಸುಮಾರು 220 °ಸೆ.ನಲ್ಲಿ ಒಣಹುಲ್ಲಿನ ತಿಳಿಹಳದಿ, 260ರ ಸುಮಾರಿಗೆ ಕಂದು, 280ರ ಸುಮಾರಿಗೆ ನೇರಳೆ, 300ರ ಸುಮಾರಿಗೆ ನೀಲಿ ಬಣ್ಣ ಬರುತ್ತದೆ. ಗ್ರೈಂಡಿಂಗ್‌ನಲ್ಲಿ ಕಾಯುವ ಅವಧಿ ಅತ್ಯಲ್ಪವಾದುದರಿಂದ ಅದೇ ಬಣ್ಣ ಬರಲು ಇನ್ನೂ ಹೆಚ್ಚಿನ ತಾಪಮಾನ ಬೇಕಾಗುತ್ತದೆ. ಬಣ್ಣ ಕಂಡರೆ ಮೇಲ್ಮೈ ಸುಟ್ಟಿದೆ ಎಂದು ಶಂಕಿಸಬೇಕು. ಆದರೆ ಬಣ್ಣ ಕಾಣದಿದ್ದರೆ ಸುಟ್ಟಿಲ್ಲವೆಂದು ಹೇಳಲಾಗದು. ಕೊನೆಯಲ್ಲಿ ಹಗುರವಾಗಿ ಒಂದೆರಡು ಬಾರಿ ಚಕ್ರ ಹಾಯಿಸಿದರೆ ಬಣ್ಣದ ಪೊರೆ ಅಳಿಸಿಹೋಗುತ್ತದೆ. ಅದರ ಕೆಳಗಿನ ಕೆಟ್ಟ ಪದರ ಮಾತ್ರ ಹಾಗೆಯೇ ಉಳಿಯುತ್ತದೆ.

ಹದ ಕೆಡುವುದು

ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆ ಅಥವಾ ನೀರಿನಲ್ಲಿ ಅದ್ದಿದಾಗ ಅದು ‘ಮಾರ್ಟೆನ್ಸೈಟ್’ ಎಂಬ ಅತಿ ಗಡಸು ರಚನೆಯನ್ನು ಪಡೆಯುತ್ತದೆ. ಅದರ ಪೆಡಸುತನವನ್ನು ತಗ್ಗಿಸಲು ಮತ್ತೊಮ್ಮೆ ಮೆಲ್ಲನೆ ಕಾಯಿಸುತ್ತಾರೆ. ಇದಕ್ಕೆ ಟೆಂಪರಿಂಗ್ ಅಥವಾ ಹದ ಮಾಡುವುದು ಎಂದು ಹೆಸರು. ಬೇರಿಂಗ್‌ಗಳಿಗೆ ಬಳಸುವ, ಶೇಕಡಾ 1ರಷ್ಟು ಇಂಗಾಲ ಮತ್ತು 1.5ರಷ್ಟು ಕ್ರೋಮಿಯಂ ಇರುವ ಉಕ್ಕನ್ನು ಸಾಮಾನ್ಯವಾಗಿ 150ರಿಂದ 200 °ಸೆ. ಸುಮಾರಿನಲ್ಲಿ ಹದ ಮಾಡುತ್ತಾರೆ. ಗ್ರೈಂಡಿಂಗ್‌ನಲ್ಲಿ ಮೇಲ್ಮೈಯು ಇದಕ್ಕಿಂತ ಬಹಳ ಹೆಚ್ಚು ಕಾದರೆ ಹದ ಮಿತಿಮೀರಿ ಲೋಹ ಮೆದುವಾಗುತ್ತದೆ. ಬೇರಿಂಗ್‌ನ ಗುಂಡುಗಳು ಉರುಳುವ ಹಾದಿಯಲ್ಲಿ ಹೀಗೆ ಮೆದುವಾದ ಜಾಗವಿದ್ದರೆ ಅದು ಬೇಗ ಸವೆಯುತ್ತದೆ ಅಥವಾ ಚಕ್ಕೆಯೇಳುತ್ತದೆ.

ಮರುಗಡಸಾಗುವಿಕೆ

ಸಾಧಾರಣ ಉಕ್ಕಿನ ಒಳರಚನೆಯು ಸುಮಾರು 727 °ಸೆ. ದಾಟಿದಾಗ ‘ಆಸ್ಟೆನೈಟ್’ ಎಂಬ ರೂಪಕ್ಕೆ ಬದಲಾಗತೊಡಗುತ್ತದೆ. ಕಾಯುವಿಕೆಯು ಅತಿ ಶೀಘ್ರವಾಗಿದ್ದರೆ ಈ ಬದಲಾವಣೆಗೆ ಇನ್ನೂ ಹೆಚ್ಚಿನ ತಾಪಮಾನ ಬೇಕು. ಚಕ್ರ ಮುಂದೆ ಸಾಗಿದೊಡನೆ ಕೆಳಗಿನ ತಣ್ಣನೆಯ ಲೋಹವು ಉಷ್ಣವನ್ನು ಹೀರಿಕೊಂಡು ಮೇಲ್ಪದರವನ್ನು ದಿಢೀರನೆ ತಣಿಸುತ್ತದೆ. ಆಗ ಹದ ಮಾಡದ ಹೊಸ ಮಾರ್ಟೆನ್ಸೈಟ್ ಪದರ ಹುಟ್ಟುತ್ತದೆ. ಇದು ಗಾಜಿನಂತೆ ಗಡಸು, ಗಾಜಿನಂತೆಯೇ ಪೆಡಸು. ಇದರ ಕೆಳಗೆ ಮೆದುವಾದ ಪದರವೊಂದು ಇರುತ್ತದೆ. ಮೆತ್ತನೆಯ ನೆಲದ ಮೇಲೆ ಗಾಜಿನ ಹಲಗೆ ಹಾಸಿದಂತಹ ಈ ಜೋಡಣೆಯು ಭಾರ ಬಿದ್ದಾಗ ಸುಲಭವಾಗಿ ಬಿರಿಯುತ್ತದೆ.

ಉಳಿಕೆ ಒತ್ತಡ ಮತ್ತು ಬಿರುಕು

ಬಿಸಿಯಾದ ಮೇಲ್ಪದರವು ಹಿಗ್ಗಲು ಯತ್ನಿಸುತ್ತದೆ. ಕೆಳಗಿನ ತಣ್ಣನೆಯ ಲೋಹ ಅದನ್ನು ತಡೆಯುತ್ತದೆ. ಹೀಗೆ ಅದುಮಲ್ಪಟ್ಟ ಪದರವು ಶಾಶ್ವತವಾಗಿ ಕುಗ್ಗಿಬಿಡುತ್ತದೆ. ತಣಿಯುವಾಗ ಅದು ಇನ್ನಷ್ಟು ಕುಗ್ಗಬೇಕು, ಆದರೆ ಕೆಳಗಿನ ಲೋಹ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಪರಿಣಾಮವಾಗಿ ಮೇಲ್ಪದರವು ಸದಾ ಎಳೆತಕ್ಕೆ ಒಳಗಾದ ಸ್ಥಿತಿಯಲ್ಲಿ ಉಳಿಯುತ್ತದೆ. ಇದನ್ನು ಉಳಿಕೆ ಒತ್ತಡ ಎನ್ನುತ್ತಾರೆ. ಒಣಗಿದ ಕೆರೆಯ ಅಂಗಳದಲ್ಲಿ ಮೇಲಿನ ಮಣ್ಣು ಕುಗ್ಗಲು ಹೋಗಿ ಕೆಳಗಿನ ಮಣ್ಣಿನ ಹಿಡಿತದಿಂದಾಗಿ ಬಿರಿಯುವುದು ಇದೇ ತತ್ತ್ವದಿಂದ. ಗ್ರೈಂಡಿಂಗ್‌ನ ಬಿರುಕುಗಳು ಹಲವು ವೇಳೆ ಅದೇ ರೀತಿಯ ಬಲೆಯ ಆಕಾರದಲ್ಲಿ ಇರುತ್ತವೆ. ಆದರೆ ಅವು ಬರಿಗಣ್ಣಿಗೆ ಕಾಣುವುದು ವಿರಳ.

ಒಂದೇ ಭಾಗವು ಲಕ್ಷಾಂತರ ಬಾರಿ ಭಾರ ಹೊತ್ತು ಇಳಿಸುವಾಗ ಈ ಎಳೆತದ ಒತ್ತಡವು ಬಿರುಕನ್ನು ತೆರೆದು ಬೆಳೆಸುತ್ತದೆ. ವಿಮಾನದ ಇಳಿಗಾಲಿಗೆ ಬಳಸುವ ಅತಿ ದೃಢವಾದ ಉಕ್ಕಿನ ಭಾಗಗಳಿಗೆ ಕ್ರೋಮಿಯಂ ಲೇಪನ ಮಾಡಿ ಸಾಣೆ ಹಿಡಿಯುವುದುಂಟು. ಲೇಪನವನ್ನು ಒರಟಾಗಿ ಸಾಣೆ ಹಿಡಿದರೆ ಅದರ ಕೆಳಗಿನ ಉಕ್ಕು ಸುಟ್ಟು, ಹೊರಗಿನಿಂದ ಏನೂ ಕಾಣದಂತೆ ಬಿರುಕು ಹುಟ್ಟಬಹುದು. ಆದುದರಿಂದ ಇಂತಹ ಭಾಗಗಳ ಗ್ರೈಂಡಿಂಗ್‌ಗೆ ಕಟ್ಟುನಿಟ್ಟಾದ ನಿಯಮಗಳಿವೆ.

ಅಳತೆಯ ದೋಷ

100 ಮಿ.ಮೀ. ಉದ್ದದ ಉಕ್ಕು 15 ಡಿಗ್ರಿ ಬಿಸಿಯಾದರೆ ಸುಮಾರು 0.017 ಮಿ.ಮೀ. ಹಿಗ್ಗುತ್ತದೆ. ಮೇಲಿನ ಲೆಕ್ಕದಲ್ಲಿ ಒಂದು ಸಲಕ್ಕೆ ಕೆರೆದ ಆಳವೇ 0.02 ಮಿ.ಮೀ. ಎಂಬುದನ್ನು ನೆನೆದರೆ ಇದು ಸಣ್ಣ ದೋಷವಲ್ಲ ಎಂಬುದು ತಿಳಿಯುತ್ತದೆ. ಇದಲ್ಲದೆ ತೆಳುವಾದ ಪಟ್ಟಿಯ ಮೇಲ್ಮುಖ ಹೆಚ್ಚು ಕಾದಾಗ ಪಟ್ಟಿಯ ನಡುಭಾಗ ಮೇಲಕ್ಕೆ ಉಬ್ಬುತ್ತದೆ. ಉಬ್ಬಿದ ಜಾಗ ಹೆಚ್ಚು ಸವೆದು, ತಣಿದ ನಂತರ ಅಲ್ಲಿ ತಗ್ಗು ಉಳಿಯುತ್ತದೆ.

ಹಾನಿಯ ಪತ್ತೆ

• ಆಮ್ಲ ಪರೀಕ್ಷೆ: ಜಾಬನ್ನು ದುರ್ಬಲ ನೈಟ್ರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ ತೊಳೆಯುತ್ತಾರೆ. ಕೆಡದ ಉಕ್ಕು ಸಮನಾದ ಬೂದುಬಣ್ಣ ಪಡೆಯುತ್ತದೆ. ಹದ ಮೀರಿದ ಜಾಗ ಕಪ್ಪಾಗುತ್ತದೆ. ಮರುಗಡಸಾದ ಜಾಗವು ಕಪ್ಪು ಅಂಚಿನ ನಡುವೆ ಬಿಳಿಯ ಮಚ್ಚೆಯಂತೆ ಕಾಣುತ್ತದೆ. ಗೇರ್‌ಗಳ ಆಮ್ಲ ಪರೀಕ್ಷೆಗೆ ಐಎಸ್ಒ 14104 ಎಂಬ ಅಂತಾರಾಷ್ಟ್ರೀಯ ಮಾನಕವಿದೆ.
• ಬಾರ್ಕ್‌ಹೌಸೆನ್ ವಿಧಾನ: ಕಾಂತಕ್ಷೇತ್ರವನ್ನು ಬದಲಿಸುತ್ತ ಹೋದಾಗ ಉಕ್ಕಿನೊಳಗಿನ ಕಾಂತೀಯ ವಲಯಗಳು ಸಣ್ಣ ಸಣ್ಣ ನೆಗೆತಗಳಲ್ಲಿ ಸರಿಯುತ್ತವೆ. ಜರ್ಮನಿಯ ಹೈನ್ರಿಶ್ ಬಾರ್ಕ್‌ಹೌಸೆನ್ 1919ರಲ್ಲಿ ಇದನ್ನು ಕಂಡುಹಿಡಿದರು. ಈ ನೆಗೆತಗಳ ಸಂಕೇತವು ಲೋಹದ ಗಡಸುತನ ಮತ್ತು ಒತ್ತಡಗಳಿಗೆ ತಕ್ಕಂತೆ ಬದಲಾಗುವುದರಿಂದ ಸುಟ್ಟ ಜಾಗವನ್ನು ಜಾಬಿಗೆ ಧಕ್ಕೆಯಾಗದಂತೆ ಗುರುತಿಸಬಹುದು.
• ಎಕ್ಸ್‌ರೇ ವಿವರ್ತನೆ: ಲೋಹದ ಹರಳುಗಳ ಅಣುಪದರಗಳ ನಡುವಿನ ಅಂತರವನ್ನು ಅಳೆದು ಉಳಿಕೆ ಒತ್ತಡವನ್ನು ಲೆಕ್ಕ ಹಾಕುತ್ತಾರೆ.
• ಬಿರುಕಿನ ಪರೀಕ್ಷೆ: ಜಾಬನ್ನು ಕಾಂತೀಕರಿಸಿ ಅದರ ಮೇಲೆ ಕಬ್ಬಿಣದ ಸೂಕ್ಷ್ಮ ಹುಡಿ ಹರಡಿದರೆ ಹುಡಿಯು ಬಿರುಕಿನ ಉದ್ದಕ್ಕೂ ಸಾಲುಗಟ್ಟುತ್ತದೆ.
• ಅಡ್ಡಕೊಯ್ತ: ಮಾದರಿ ಜಾಬನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಪದರಗಳನ್ನು ನೋಡಿ, ಆಳಕ್ಕೆ ಹೋದಂತೆ ಗಡಸುತನವನ್ನು ಅಳೆಯುತ್ತಾರೆ. ಇದರಲ್ಲಿ ಜಾಬ್ ನಾಶವಾಗುತ್ತದೆ.

ತಾಪಮಾನದ ಅಳತೆ

ಸಂಪರ್ಕ ವಲಯವು ಚಕ್ರದ ಕೆಳಗೆ ಮುಚ್ಚಿಹೋಗಿರುವುದರಿಂದ ಅಲ್ಲಿನ ತಾಪಮಾನವನ್ನು ನೇರವಾಗಿ ಅಳೆಯುವುದು ಸುಲಭವಲ್ಲ. ಸಂಶೋಧಕರು ಮುಖ್ಯವಾಗಿ ಎರಡು ಉಪಾಯಗಳನ್ನು ಅನುಸರಿಸುತ್ತಾರೆ. ಮೊದಲನೆಯದರಲ್ಲಿ ಎರಡು ಭಿನ್ನ ಲೋಹಗಳ ತೆಳು ತಂತಿ ಅಥವಾ ಹಾಳೆಯನ್ನು ಜಾಬಿನೊಳಗೆ ಹುದುಗಿಸುತ್ತಾರೆ. ಚಕ್ರವು ಅದನ್ನು ಸವರಿಕೊಂಡು ಹೋದಾಗ ಸಂಧಿಯಲ್ಲಿ ಹುಟ್ಟುವ ಸೂಕ್ಷ್ಮ ವಿದ್ಯುತ್ ಒತ್ತಡದಿಂದ ತಾಪಮಾನ ತಿಳಿಯುತ್ತದೆ. ಇದು ಥರ್ಮೋಕಪಲ್ ವಿಧಾನ. ಎರಡನೆಯದರಲ್ಲಿ ಜಾಬಿನಲ್ಲಿ ಕೊರೆದ ಸಣ್ಣ ರಂಧ್ರದ ಮೂಲಕ ದ್ಯುತಿತಂತುವನ್ನು ಒಳಗಿಟ್ಟು, ಬಿಸಿಯಾದ ಜಾಗದಿಂದ ಹೊರಡುವ ಅವಗೆಂಪು ಕಿರಣಗಳನ್ನು ಸಂಗ್ರಹಿಸಿ ಅಳೆಯುತ್ತಾರೆ. ಕಾರ್ಖಾನೆಗಳ ದಿನನಿತ್ಯದ ಕೆಲಸದಲ್ಲಿ ಇವೆರಡೂ ಅನುಕೂಲವಲ್ಲ. ಅಲ್ಲಿ ಯಂತ್ರದ ಮೋಟರು ಎಳೆಯುವ ವಿದ್ಯುತ್ ಸಾಮರ್ಥ್ಯವನ್ನು ಗಮನಿಸುತ್ತಾರೆ. ಒಂದೇ ಕೆಲಸಕ್ಕೆ ಮೋಟರು ಹೆಚ್ಚು ಸಾಮರ್ಥ್ಯವನ್ನು ಎಳೆಯತೊಡಗಿದರೆ ಚಕ್ರ ಮೊಂಡಾಗಿದೆ, ಉಷ್ಣ ಹೆಚ್ಚುತ್ತಿದೆ ಎಂದು ಅರ್ಥ.

ತಾಪಮಾನವನ್ನು ತಗ್ಗಿಸುವ ಕ್ರಮಗಳು

ಚಕ್ರವನ್ನು ಹರಿತವಾಗಿಡುವುದು

ಎಲ್ಲಕ್ಕಿಂತ ಮುಖ್ಯವಾದ ಕ್ರಮವಿದು. ಕಣಗಳು ಸವೆದು ಮೊಂಡಾದಾಗ, ಇಲ್ಲವೇ ಕಣಗಳ ನಡುವಿನ ರಂಧ್ರಗಳಲ್ಲಿ ಲೋಹದ ಹುಡಿ ತುಂಬಿಕೊಂಡಾಗ, ಚಕ್ರವು ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ವಜ್ರದ ಮೊನೆಯಿಂದ ಚಕ್ರದ ಮುಖವನ್ನು ಸವರಿ ಹೊಸ ಕಣಗಳನ್ನು ಹೊರತರುವುದಕ್ಕೆ ಡ್ರೆಸಿಂಗ್ ಎನ್ನುತ್ತಾರೆ. ಗಡಸು ಉಕ್ಕಿಗೆ ಸಾಮಾನ್ಯವಾಗಿ ಮೆದು ದರ್ಜೆಯ ಚಕ್ರವನ್ನು ಆರಿಸುತ್ತಾರೆ. ಇಲ್ಲಿ ಮೆದು ಎಂಬುದು ಕಣಕ್ಕಲ್ಲ, ಅವುಗಳನ್ನು ಹಿಡಿದಿಡುವ ಬಂಧಕ್ಕೆ ಸಂಬಂಧಿಸಿದ ಮಾತು. ಮೊಂಡಾದ ಕಣವನ್ನು ಅಂತಹ ಬಂಧವು ಬೇಗ ಬಿಟ್ಟುಕೊಡುವುದರಿಂದ ಹೊಸ ಕಣ ಮುಂದೆ ಬರುತ್ತದೆ.

ಕಣದ ಆಯ್ಕೆ

ಉಕ್ಕಿಗೆ ಅಲ್ಯೂಮಿನಿಯಂ ಆಕ್ಸೈಡ್ ಕಣಗಳನ್ನೂ ಎರಕದ ಕಬ್ಬಿಣ ಹಾಗೂ ಕಬ್ಬಿಣೇತರ ಲೋಹಗಳಿಗೆ ಸಿಲಿಕಾನ್ ಕಾರ್ಬೈಡ್ ಕಣಗಳನ್ನೂ ಬಳಸುವುದು ರೂಢಿ. ವಜ್ರವು ಎಲ್ಲಕ್ಕಿಂತ ಗಟ್ಟಿಯಾದರೂ ಅದು ಇಂಗಾಲವಾದುದರಿಂದ ಹೆಚ್ಚಿನ ತಾಪಮಾನದಲ್ಲಿ ಕಬ್ಬಿಣದೊಡನೆ ಬೆರೆತು ಸವೆಯುತ್ತದೆ. ಈ ತೊಂದರೆಯಿಲ್ಲದ ಕ್ಯೂಬಿಕ್ ಬೋರಾನ್ ನೈಟ್ರೈಡನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರಾಬರ್ಟ್ ವೆಂಟಾರ್ಫ್ 1957ರಲ್ಲಿ ಸಂಶ್ಲೇಷಿಸಿದರು. ಇಂದು ಗಡಸು ಉಕ್ಕಿನ ನಿಖರ ಗ್ರೈಂಡಿಂಗ್‌ನಲ್ಲಿ ಇದರ ಬಳಕೆ ವ್ಯಾಪಕವಾಗಿದೆ.

ಕೂಲೆಂಟ್

ಕೂಲೆಂಟ್ ದ್ರವವು ಘರ್ಷಣೆಯನ್ನು ತಗ್ಗಿಸುತ್ತದೆ, ಉಷ್ಣವನ್ನು ಒಯ್ಯುತ್ತದೆ, ಹುಡಿಯನ್ನು ತೊಳೆಯುತ್ತದೆ. ಆದರೆ ಇದಕ್ಕೊಂದು ಮಿತಿಯಿದೆ. ಕಾದ ದೋಸೆಹೆಂಚಿನ ಮೇಲೆ ಚಿಮುಕಿಸಿದ ನೀರಿನ ಹನಿಗಳು ಹೆಂಚಿಗೆ ಅಂಟದೆ ಕುಣಿಯುವುದನ್ನು ಎಲ್ಲರೂ ನೋಡಿರುತ್ತಾರೆ. ಹನಿಯ ಕೆಳಗೆ ಹುಟ್ಟಿದ ಆವಿಯ ಪದರವು ಹನಿಯನ್ನು ಎತ್ತಿ ಹಿಡಿಯುತ್ತದೆ, ಉಷ್ಣ ಸಾಗುವುದನ್ನು ತಡೆಯುತ್ತದೆ. ಸಂಪರ್ಕ ವಲಯದಲ್ಲಿಯೂ ಹೀಗೆಯೇ ಆಗುತ್ತದೆ. ನೀರು ಬೆರೆತ ಕೂಲೆಂಟ್ ಸುಮಾರು 130 °ಸೆ. ದಾಟಿದಾಗ, ಎಣ್ಣೆಯು ಸುಮಾರು 300 °ಸೆ. ದಾಟಿದಾಗ ಆವಿಯ ಪೊರೆ ಕಟ್ಟಿಕೊಂಡು ತಂಪುಮಾಡುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಆ ಬಳಿಕ ಮೇಲ್ಮೈಯ ತಾಪಮಾನ ದಿಢೀರನೆ ಏರುತ್ತದೆ. ಇದಲ್ಲದೆ ವೇಗವಾಗಿ ತಿರುಗುವ ಚಕ್ರವು ತನ್ನ ಸುತ್ತ ಗಾಳಿಯ ಪದರವನ್ನು ಎಳೆದುಕೊಂಡು ಸುತ್ತುವುದರಿಂದ ಮೆಲ್ಲಗೆ ಸುರಿದ ದ್ರವವು ಸಂಪರ್ಕ ವಲಯವನ್ನು ತಲುಪುವುದೇ ಇಲ್ಲ. ಆದ್ದರಿಂದ ಚಕ್ರದ ಅಂಚಿನ ವೇಗಕ್ಕೆ ಸಮೀಪವಾದ ವೇಗದಲ್ಲಿ ದ್ರವವನ್ನು ಚಿಮ್ಮಿಸುವ ನಳಿಕೆಗಳನ್ನು ಬಳಸುತ್ತಾರೆ.

ಆಳ ಮತ್ತು ವೇಗ

ಕಡಿತದ ಆಳವನ್ನು ಕಡಿಮೆ ಮಾಡಿ ಮೇಜಿನ ವೇಗವನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸಿದರೆ, ತೆಗೆಯುವ ಲೋಹದ ಪ್ರಮಾಣ ಬದಲಾಗದಿದ್ದರೂ ಉಷ್ಣಮೂಲವು ಒಂದೇ ಜಾಗದಲ್ಲಿ ನಿಲ್ಲುವ ಕಾಲ ಕಡಿಮೆಯಾಗಿ ತಾಪಮಾನ ತುಸು ತಗ್ಗುತ್ತದೆ. ಇದಕ್ಕೆ ವಿರುದ್ಧವಾದ ಕ್ರೀಪ್ ಫೀಡ್ ಎಂಬ ಕ್ರಮದಲ್ಲಿ ಹಲವು ಮಿಲಿಮೀಟರ್ ಆಳವನ್ನು ಅತಿ ನಿಧಾನವಾಗಿ ಒಂದೇ ಬಾರಿಗೆ ಕೆರೆಯುತ್ತಾರೆ. ಸಂಪರ್ಕದ ಉದ್ದ ಹೆಚ್ಚಾಗಿ ಉಷ್ಣ ಚದುರುತ್ತದೆ. ಧಾರಾಳವಾಗಿ ಹರಿಸಿದ ಕೂಲೆಂಟ್ ಅದರ ಬಹುಪಾಲನ್ನು ಒಯ್ಯುತ್ತದೆ. ಜೆಟ್ ಎಂಜಿನ್ನಿನ ಟರ್ಬೈನ್ ಅಲಗುಗಳ ಬುಡವನ್ನು ಈ ಕ್ರಮದಿಂದ ರೂಪಿಸುತ್ತಾರೆ.

ಅಧ್ಯಯನದ ಇತಿಹಾಸ

ಲೋಹವನ್ನು ಕೊರೆಯುವಾಗ ಹುಟ್ಟುವ ಉಷ್ಣವು ಭೌತವಿಜ್ಞಾನದ ಒಂದು ಮೂಲಭೂತ ತತ್ತ್ವದ ಅರಿವಿಗೆ ಕಾರಣವಾಯಿತು. ಮ್ಯೂನಿಕ್‌ನ ಶಸ್ತ್ರಾಗಾರದಲ್ಲಿ ಫಿರಂಗಿ ಕೊರೆಯುವುದನ್ನು ಗಮನಿಸಿದ ಕೌಂಟ್ ರಂಫರ್ಡ್ ಬೇಕೆಂದೇ ಮೊಂಡಾದ ಬೈರಿಗೆಯನ್ನು ಬಳಸಿ, ನೀರಿನೊಳಗೆ ಲೋಹವನ್ನು ಕೊರೆಸಿ, ಸುಮಾರು ಎರಡೂವರೆ ಗಂಟೆಯಲ್ಲಿ ಆ ನೀರು ಕುದಿಯುವಂತೆ ಮಾಡಿದರು. ಉಷ್ಣವು ಲೋಹದಲ್ಲಿ ಅಡಗಿದ ದ್ರವ್ಯವಲ್ಲ, ಚಲನೆಯಿಂದ ಹುಟ್ಟುವಂಥದು ಎಂಬ ತಮ್ಮ ವಾದವನ್ನು ಅವರು 1798ರಲ್ಲಿ ಪ್ರಕಟಿಸಿದರು. 1840ರ ದಶಕದಲ್ಲಿ ಜೇಮ್ಸ್ ಜೂಲ್ ಯಾಂತ್ರಿಕ ಕೆಲಸ ಮತ್ತು ಉಷ್ಣದ ನಡುವಿನ ಪ್ರಮಾಣವನ್ನು ನಿಖರವಾಗಿ ಅಳೆದರು.

ಚಲಿಸುವ ಉಷ್ಣಮೂಲವು ಮೇಲ್ಮೈಯಲ್ಲಿ ಉಂಟುಮಾಡುವ ತಾಪಮಾನದ ಗಣಿತವನ್ನು ಆಸ್ಟ್ರೇಲಿಯಾದ ಗಣಿತಜ್ಞ ಜೆ. ಸಿ. ಯೇಗರ್ 1942ರಲ್ಲಿ ಪ್ರಕಟಿಸಿದರು. ಇದನ್ನು ಆಧರಿಸಿ ಅಮೆರಿಕದ ಔಟ್‌ವಾಟರ್ ಮತ್ತು ಮಿಲ್ಟನ್ ಶಾ 1952ರಲ್ಲಿ ಗ್ರೈಂಡಿಂಗ್‌ನ ಮೇಲ್ಮೈ ತಾಪಮಾನವನ್ನು ಲೆಕ್ಕ ಹಾಕಿದರು. ನಂತರ ಸ್ಟೀಫನ್ ಮಾಲ್ಕಿನ್ ಮೊದಲಾದವರು ಶಕ್ತಿಯ ಹಂಚಿಕೆ ಮತ್ತು ಮೇಲ್ಮೈ ಸುಡುವ ಮಿತಿಗಳನ್ನು ವಿವರವಾಗಿ ಅಧ್ಯಯನ ಮಾಡಿದರು.

ಕೈಸಾಣೆಯಲ್ಲಿ ಎಚ್ಚರಿಕೆ

ಮೇಲಿನ ತತ್ತ್ವಗಳು ಮನೆಯ ಕತ್ತಿ, ಕುಡುಗೋಲು, ಬಡಗಿಯ ಉಳಿಗಳಿಗೂ ಅನ್ವಯಿಸುತ್ತವೆ. ನೀರು ಹಾಕಿದ ಸಾಣೆಕಲ್ಲಿನ ಮೇಲೆ ಕೈಯಿಂದ ಮಸೆಯುವಾಗ ವೇಗ ಕಡಿಮೆಯಾದುದರಿಂದ ಹದ ಕೆಡುವ ಭಯವಿಲ್ಲ. ವಿದ್ಯುತ್ ಸಾಣೆಚಕ್ರದಲ್ಲಿ ಒತ್ತಿಹಿಡಿದರೆ ತೆಳುವಾದ ಅಲಗಿನ ಅಂಚು ಕ್ಷಣದಲ್ಲಿ ನೀಲಿಗಟ್ಟುತ್ತದೆ. ಅಂಚಿನಲ್ಲಿ ಉಷ್ಣವನ್ನು ಹೀರಿಕೊಳ್ಳುವಷ್ಟು ಲೋಹ ಇಲ್ಲದಿರುವುದೇ ಇದಕ್ಕೆ ಕಾರಣ. ಸಾಧಾರಣ ಇಂಗಾಲದ ಉಕ್ಕಿನ ಅಲಗು ನೀಲಿಯಾದರೆ ಆ ಭಾಗದ ಹದ ಹೋಯಿತೆಂದೇ ತಿಳಿಯಬೇಕು. ಎಷ್ಟು ಮಸೆದರೂ ಅದರ ಹರಿತ ನಿಲ್ಲುವುದಿಲ್ಲ. ನೀಲಿಯಾದ ಭಾಗವನ್ನು ಪೂರ್ತಿ ತೆಗೆದು ಹೊಸ ಅಂಚು ಕಟ್ಟಬೇಕಾಗುತ್ತದೆ. ಹಗುರವಾಗಿ ಒತ್ತುವುದು, ಅಲಗನ್ನು ಸದಾ ಚಲಿಸುತ್ತಿರುವಂತೆ ನೋಡಿಕೊಳ್ಳುವುದು, ಬಿಸಿಯೇರುವ ಮೊದಲೇ ಆಗಾಗ ನೀರಿನಲ್ಲಿ ಅದ್ದುವುದು ಉತ್ತಮ. ಹೈಸ್ಪೀಡ್ ಸ್ಟೀಲ್‌ನ ಡ್ರಿಲ್ ಬಿಟ್‌ಗಳು ಸುಮಾರು 600 °ಸೆ.ವರೆಗೂ ಗಡಸುತನವನ್ನು ಉಳಿಸಿಕೊಳ್ಳುವುದರಿಂದ ಅವುಗಳಿಗೆ ಬಣ್ಣ ಬಂದ ಮಾತ್ರಕ್ಕೆ ಹದ ಕೆಟ್ಟಿತೆಂದು ತಿಳಿಯಬೇಕಿಲ್ಲ. ಆದರೆ ಅವು ಹೆಚ್ಚು ಕಾದಿರುವಾಗ ನೀರಿಗೆ ಅದ್ದಿದರೆ ಸೂಕ್ಷ್ಮ ಬಿರುಕುಗಳು ಬೀಳುವ ಸಂಭವವಿದೆ. ಕಾರ್ಬೈಡ್ ತುದಿಯ ಉಳಿಗಳಿಗೂ ಈ ಎಚ್ಚರಿಕೆ ಅಗತ್ಯ.

ಸಾಣೆಯ ಕಿಡಿಗಳು ಕಣ್ಣಿಗೆ ಸಿಡಿದರೆ ಗಾಯವಾಗುವುದರಿಂದ ರಕ್ಷಣಾ ಕನ್ನಡಕ ಧರಿಸಬೇಕು. ಹತ್ತಿರದಲ್ಲಿ ಎಣ್ಣೆ, ಬಟ್ಟೆ, ಒಣಹುಲ್ಲು ಇಲ್ಲದಂತೆ ನೋಡಿಕೊಳ್ಳಬೇಕು. ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂಗಳ ಸೂಕ್ಷ್ಮ ಹುಡಿಯು ಸುಲಭವಾಗಿ ಉರಿಯಬಲ್ಲದು. ಅದು ಸಂಗ್ರಹವಾದ ಜಾಗದಲ್ಲಿ ಉಕ್ಕನ್ನು ಸಾಣೆ ಹಿಡಿದು ಕಿಡಿ ಹಾರಿಸುವುದು ಅಪಾಯಕರ.